ತಂತಿ ಕೆಲಸದ ಅಕ್ಕಾವರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಯಜಮಾನರು ಇನ್ನೂ ಇದ್ದಾರೆ, ಮಗ ಸೊಸೆ ಇದ್ದಾರೆ. ಈ ಊರಿನಲ್ಲಿ ಕನ್ನಡದವರು ಇರುವುದೇ ಇಷ್ಟು, ಹೆಸರು ಬರೆದರೆ ನಾಳೆ ಬೆಳಗಾಗುವುದರೊಳಗೆ ಎಲ್ಲರ ಮನೆಗೂ ಹೋಗುತ್ತದೆ. ಮೊಮ್ಮಕ್ಕಳೇ, ನೀವಿಬ್ಬರೂ ಅವರನ್ನು ವೈರ್ ಆಂಟಿ ಅನ್ನುತ್ತಿದ್ದಿರಿ. ನಾನು ಅಕ್ಕಾರ ಅನ್ನುತ್ತಿದ್ದೆ. ವಯಸ್ಸಿನಲ್ಲಿ ಅವರು ನನಗಿಂತ ಒಂದೆರಡು ವರ್ಷ ಚಿಕ್ಕವರೇ ಇರಬೇಕು. ಆದರೆ ಅವರು ನಿಲ್ಲುವ ರೀತಿ, ಮಾತಾಡುವ ರೀತಿ ನೋಡಿದರೆ ಅಕ್ಕಾ ಎಂಬುದೇ ಬಾಯಿಗೆ ಬರುತ್ತಿತ್ತು.

ಮೊನ್ನೆ ಊಟದ ಹೊತ್ತಿನಲ್ಲಿ ನಿಮ್ಮ ಅಮ್ಮ ಫೋನ್ ಕೆಳಗಿಟ್ಟು, ಅವರು ತೀರಿಕೊಂಡರಂತೆ ಎಂದಳು. ನಾನು ಮೊಸರನ್ನ ಕಲಸುತ್ತಿದ್ದೆ. ಕಲಸುತ್ತಲೇ ಇದ್ದೆ. ಪುಟ್ಟೀ, ನೀನು ನನ್ನ ಮುಖ ನೋಡಿ, "ಅಜ್ಜೀ, ವರ್‍ನ್ಟ್ ಯೂ ಫ್ರೆಂಡ್ಸ್?" ಎಂದು ಕೇಳಿದೆ. ನಾನು ಎದ್ದು ಕೈ ತೊಳೆದುಕೊಂಡೆ. ಅದಕ್ಕೆ ಉತ್ತರ ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನರ ಎದುರು ನಾನು ಎಂದೂ ಮಾತಾಡಿದವಳಲ್ಲ. ಬರೆದರೆ ಬಂದೀತೇನೋ ಎಂದು ಬರೆಯುತ್ತಿದ್ದೇನೆ. ಕನ್ನಡ ಓದಲು ಕಲಿತ ದಿನ ಓದಿಕೊಳ್ಳಿ. ಅಲ್ಲಿಯವರೆಗೆ ನಿಮ್ಮ ಅಮ್ಮನ ಕೈಗೆ ಸಿಗದಂತೆ ಇಟ್ಟಿರುತ್ತೇನೆ.

ನಾನು ಈ ಆಕ್ಲೆಂಡಿಗೆ ಬಂದದ್ದು ೨೦೧೧ರಲ್ಲಿ, ನಿಮ್ಮ ಅಜ್ಜ ಹೋಗಿ ಆರು ವರ್ಷವಾದ ಮೇಲೆ. ಮಗಳ ಮನೆಯಲ್ಲಿ ಇರಲು ಬಂದವಳು ಎಂಬ ಸಂಕೋಚ ಮೈತುಂಬ ಇತ್ತು. ಬೆಳಗ್ಗೆ ನೀವೆಲ್ಲ ಹೊರಟ ಮೇಲೆ ಪಾತ್ರೆ ತೊಳೆದು, ಬಟ್ಟೆ ಮಡಚಿ, ಕಿಟಕಿಯ ಬಳಿ ಕೂರುತ್ತಿದ್ದೆ. ಆ ವರ್ಷ ಗಣೇಶನ ಹಬ್ಬಕ್ಕೆ ಕನ್ನಡದವರೆಲ್ಲ ಒಂದು ಶಾಲೆಯ ಹಾಲಿನಲ್ಲಿ ಸೇರಿದ್ದರು. ನಾನು ಚಪ್ಪಲಿಗಳ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ನೇರಳೆ ಸೀರೆ ಉಟ್ಟ ಒಬ್ಬರು ಎದುರಿಗೆ ಬಂದು ನಿಂತರು. ಕಿವಿಯಲ್ಲಿ ತಾಮ್ರದ ತಂತಿಯಲ್ಲಿ ಸುತ್ತಿದ ಲೋಲಾಕು, ಹೆಚ್ಚುಕಡಿಮೆ ಬಳೆಯಷ್ಟು ದೊಡ್ಡದು.

"ಏನ್ರೀ, ಇಲ್ಲಿ ಬಚ್ಚಿಟ್ಕೊಂಡು ಕೂತಿದೀರಾ? ಯಾರಾದ್ರೂ ಚಪ್ಪಲಿ ಕದೀತಾರೆ ಅಂತ ಕಾಯ್ತಿದೀರೋ?"

ನಾನು ನಕ್ಕೆನೋ ಇಲ್ಲವೋ. ನನ್ನ ಕಣ್ಣು ಅವರ ಬಲಗಿವಿಯ ಮೇಲಿತ್ತು. ಲೋಲಾಕಿನ ಒಂದು ಕೊಂಡಿ ಬಾಯಿ ಬಿಟ್ಟಿತ್ತು, ಇನ್ನೊಂದು ಸಲ ತಲೆ ಅಲ್ಲಾಡಿಸಿದರೆ ಬೀಳುವಂತಿತ್ತು. ನನಗೆ ಏನಾಯಿತೋ ಗೊತ್ತಿಲ್ಲ. ಎದ್ದು ನಿಂತು, ಅದನ್ನು ಎರಡು ಬೆರಳ ಉಗುರಿನ ನಡುವೆ ಹಿಡಿದು ಒತ್ತಿ ಮುಚ್ಚಿಬಿಟ್ಟೆ. ಆಮೇಲೆ ಗುರುತಿಲ್ಲದವರ ಕಿವಿಗೆ ಕೈ ಹಾಕಿದೆನಲ್ಲ ಎಂದು ಬೆವರಿದೆ.

ಅವರು ಲೋಲಾಕು ಬಿಚ್ಚಿ ನೋಡಿದರು. "ಓಹೋ. ಯಾರ್‍ರೀ ನೀವು, ಅಕ್ಕಸಾಲಿಗ್ರಾ?"

"ಪತ್ತಾರ ಮಗಳ್ರೀ," ಎಂದೆ. ಹಾವೇರಿ ಕಡೆ ನಾವು ಅಕ್ಕಸಾಲಿಗರಿಗೆ ಪತ್ತಾರರು ಅನ್ನುವುದು.

ಮರುದಿನ ಹತ್ತು ಗಂಟೆಗೆ ಅವರ ಕಾರು ನಮ್ಮ ಮನೆಯ ಮುಂದೆ ಬಂದು ಹಾರ್ನ್ ಹೊಡೆಯಿತು.

ಅವರ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ, ನ್ಯೂ ಲಿನ್ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ. ಮೈಸೂರಿನವರು, ಬಂದು ಬಹಳ ವರ್ಷವಾಗಿತ್ತು. ಯಜಮಾನರು ಎಂಜಿನಿಯರ್ ಆಗಿ ನಿವೃತ್ತರಾಗಿ ಒಳಗೆ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಗ್ಯಾರೇಜಿನಲ್ಲಿ ಕಾರು ನಿಲ್ಲುತ್ತಿರಲಿಲ್ಲ, ಅಲ್ಲಿ ಅವರ ಮೇಜು ನಿಂತಿತ್ತು. ತಾಮ್ರದ ತಂತಿ, ಹಿತ್ತಾಳೆಯ ತಂತಿ, ಬೆಳ್ಳಿಯ ತಂತಿ ಸುರುಳಿ ಸುರುಳಿಯಾಗಿ ಮೊಳೆಗಳಿಗೆ ನೇತಾಡುತ್ತಿದ್ದವು. ಮೂತಿ ಉರುಟಾದ ಇಕ್ಕಳ, ಮೂತಿ ಚಪ್ಪಟೆಯಾದ ಇಕ್ಕಳ, ತಂತಿ ಕತ್ತರಿಸುವ ಇಕ್ಕಳ, ಒಂದು ಸಣ್ಣ ಸುತ್ತಿಗೆ, ತಟ್ಟಲು ಒಂದು ಉಕ್ಕಿನ ತುಂಡು. ಹಳೆಯ ಐಸ್‌ಕ್ರೀಮ್ ಡಬ್ಬಗಳಲ್ಲಿ ಮಣಿ, ಸಮುದ್ರದ ದಂಡೆಯಲ್ಲಿ ಆರಿಸಿ ತಂದ ಗಾಜಿನ ಚೂರು, ನೀಲಿ ಹಸಿರು ಹೊಳೆಯುವ ಪಾವಾ ಚಿಪ್ಪು. ಈ ಊರಿನ ಬಿಳಿ ಹೆಂಗಸರು ಆ ಚಿಪ್ಪಿಗೆ ತಂತಿ ಸುತ್ತಿದ ಪದಕವೆಂದರೆ ಪ್ರಾಣ ಬಿಡುತ್ತಿದ್ದರು.

ನನ್ನ ಅಪ್ಪ ಹುಡುಗಿಯರನ್ನು ಕುಲುಮೆಯ ಹತ್ತಿರ ಕೂರಿಸುತ್ತಿರಲಿಲ್ಲ. ತಂತಿ ಎಳೆಯುವಾಗ ಮಾತ್ರ ನನ್ನನ್ನು ಕರೆಯುತ್ತಿದ್ದ. ತೂತುಗಳಿದ್ದ ಉಕ್ಕಿನ ಪಟ್ಟಿಯೊಳಗಿಂದ ತಂತಿಯ ತುದಿ ಹೊರಗೆ ಬಂದ ಕೂಡಲೇ ನಾನು ಅದನ್ನು ಇಕ್ಕಳದಲ್ಲಿ ಕಚ್ಚಿ ಹಿಡಿದು ಹಿಂದೆ ಹಿಂದೆ ನಡೆಯಬೇಕು. ಏಳನೆಯ ತರಗತಿಗೆ ಶಾಲೆ ಬಿಡಿಸಿದ ಮೇಲೆ ಮದುವೆಯಾಗುವವರೆಗೂ ಅದೇ ಕೆಲಸ ಮಾಡಿದ್ದೆ. ಉಳಿದದ್ದೆಲ್ಲ ನೋಡಿ ಕಲಿತದ್ದು, ಕೈಯಲ್ಲಿ ಮಾಡಿದ್ದಲ್ಲ. ಅಕ್ಕಾವರು ಇಕ್ಕಳವನ್ನು ನನ್ನ ಕೈಗೆ ಕೊಟ್ಟಾಗ ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ನನ್ನದೇ ಎಂದು ಒಂದು ಕೊಂಡಿ ಮಾಡಿದೆ. ಅದು ದುಂಡಗೆ ಬಂತು. ಅವರು ತಮ್ಮ ಕನ್ನಡಕವನ್ನು ಹಣೆಯ ಮೇಲೇರಿಸಿ, "ಅಯ್ಯೋ ಪಾಪಿ, ಇಷ್ಟು ದಿನ ಎಲ್ಲಿದ್ರಿ?" ಎಂದರು. ಇದನ್ನು ಅವರ ಲೆಕ್ಕದಲ್ಲಿ ಬರೆಯದೆ ಹೋದರೆ ನನಗೆ ಪಾಪ ತಟ್ಟುತ್ತದೆ.

ವಾರಕ್ಕೆ ಮೂರು ದಿನ ಹೋಗುತ್ತಿದ್ದೆ. ಅವರು ಬೈಯುತ್ತ ಕಲಿಸುತ್ತಿದ್ದರು. ಬಾಗಿಸಿದ ತಂತಿಯನ್ನು ನಾನು ಮತ್ತೆ ನೆಟ್ಟಗೆ ಮಾಡಲು ಹೋದರೆ, "ತಂತಿಗೆ ಒಂದೇ ಸಲ ಬುದ್ಧಿ ಹೇಳ್ಬೇಕು ಕಣ್ರೀ. ಮತ್ತೆ ಮತ್ತೆ ಹೇಳಿದ್ರೆ ಮುರ್‍ಕೊಂಡು ಬೀಳುತ್ತೆ, ನಮ್ಮನೆಯವರ ಥರ," ಎಂದು ಒಳಗೆ ಕೇಳುವಂತೆ ಹೇಳುತ್ತಿದ್ದರು. ಒಳಗಿನಿಂದ ಟಿವಿಯ ಸದ್ದು ಸ್ವಲ್ಪ ಜೋರಾಗುತ್ತಿತ್ತು.

ನನ್ನ ಮಾತು ಅವರಿಗೆ ದೊಡ್ಡ ತಮಾಷೆ. "ನಿಮ್ಮ ಕನ್ನಡ ಕೇಳಿದ್ರೆ ಜಗಳ ಆಡ್ತಿದೀರೋ ಉಪಚಾರ ಮಾಡ್ತಿದೀರೋ ಗೊತ್ತಾಗಲ್ವಲ್ರೀ."

ಒಂದು ದಿನ ನಾನೂ ಧೈರ್ಯ ಮಾಡಿ, "ನಿಮ್ಮ ಕನ್ನಡ ಕೇಳಿದ್ರ ನಂಗ ನಿದ್ದಿ ಬರ್ತೈತ್ರೀ ಅಕ್ಕಾರ," ಎಂದೆ. ಅವರು ಮೇಜು ಬಡಿದು ನಕ್ಕರು. ಸಿಕ್ಕವರಿಗೆಲ್ಲ ಆ ಮಾತು ಹೇಳಿಕೊಂಡು ಬಂದರು.

ತಂತಿ ಮುಗಿದಾಗ ಒನೆಹುಂಗಾದ ಕಡೆ ಒಂದು ಗೋದಾಮಿಗೆ ಕರೆದುಕೊಂಡು ಹೋಗುತ್ತಿದ್ದರು. ಲಾರಿ, ಯೂಟ್ ಅನ್ನುವ ಹಿಂಬದಿ ತೆರೆದ ಗಾಡಿಗಳ ನಡುವೆ ಸೀರೆಯಲ್ಲಿ ನಾವಿಬ್ಬರು. ಅಲ್ಲಿನ ದಪ್ಪ ಮೀಸೆಯವನು ಇವರನ್ನು ಡಾರ್ಲಿಂಗ್ ಅನ್ನುತ್ತಿದ್ದ. ಇವರೂ ಅವನನ್ನು ಡಾರ್ಲಿಂಗ್ ಎಂದೇ ಕರೆದು, "ದಿಸ್ ಈಸ್ ಮೈ ರೈಟ್ ಹ್ಯಾಂಡ್," ಎಂದು ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದರು. ಅವನು ನನ್ನ ಬಲಗೈ ಕುಲುಕಿದ. ವಾಪಸು ಬರುವಾಗ, "ಊರಲ್ಲಿ ಹೇಳ್ಬೇಡಿ, ಪರಗಂಡಸಿನ ಕೈ ಹಿಡಿದ್ರಿ ಅಂತ," ಎಂದು ಕಾಡಿಸಿದರು. ಬಸ್ಸಿನಲ್ಲಿ, ರೈಲಿನಲ್ಲಿ ಕಾರ್ಡ್ ತಾಗಿಸುವುದನ್ನು ಕಲಿಸಿದವರು ಅವರೇ. ಡೈರಿಗೆ ಹೋಗಿ ಒಬ್ಬಳೇ ಹಾಲು ತರುವುದನ್ನು ಕಲಿಸಿದವರೂ ಅವರೇ. ನಾನು ಹೆದರಿದಾಗಲೆಲ್ಲ, "ಅವರೇನು ನಿಮ್ಮನ್ನ ತಿಂತಾರಾ? ತಿಂದ್ರೆ ಖಾರ ಅಂತ ಉಗಿದುಬಿಡ್ತಾರೆ ಬಿಡಿ," ಎನ್ನುತ್ತಿದ್ದರು.

ಆದರೆ ಭಾನುವಾರದ ಸಂತೆಯಲ್ಲಿ ಪದಕಗಳಿಗೆ ಕಟ್ಟಿದ ಚೀಟಿಯಲ್ಲಿ ಅವರ ಹೆಸರು ಮಾತ್ರ ಇರುತ್ತಿತ್ತು. ಕೈಯಾರೆ ಮಾಡಿದ್ದು, ಇಂಥವರು, ಎಂದು. ಪುಟ್ಟೀ, ನಿನಗೆ ಆಗ ಏಳು ವರ್ಷ. ಒಂದು ಚೀಟಿ ಓದಿ, "ನೋ, ದಿಸ್ ಈಸ್ ಅಜ್ಜೀಸ್!" ಎಂದು ಕೂಗಿದೆ. ಕೊಳ್ಳುವವರೆಲ್ಲ ತಿರುಗಿ ನೋಡಿದರು. ಅಕ್ಕಾವರು ನಕ್ಕು, "ಸ್ಮಾರ್ಟ್ ಗರ್ಲ್," ಎಂದು ನಿನ್ನ ಕೆನ್ನೆ ಹಿಂಡಿದರು. ಚೀಟಿ ಬದಲಾಗಲಿಲ್ಲ. ನಾನು ನಿನ್ನ ಬಾಯಿ ಮುಚ್ಚಿಸಿದೆ. ನನ್ನ ಹೆಸರು ಎಲ್ಲಿಯಾದರೂ ಬರೆದಿದ್ದರೆ ನನಗೆ ನಾಚಿಕೆಯೇ ಆಗುತ್ತಿತ್ತು ಎಂದು ಆಗ ಅಂದುಕೊಂಡಿದ್ದೆ. ಈಗ ಹಾಗೆ ಅನಿಸುವುದಿಲ್ಲ.

ಅವರ ಕೈ ನಡುಗಲು ಶುರುವಾದದ್ದು ಎರಡನೆಯ ವರ್ಷದಲ್ಲಿ. ಮೊದಲು ಕಾಫಿ ತರುವಾಗ ಬಸಿಯ ಮೇಲೆ ಲೋಟ ಕಟಕಟ ಅನ್ನುತ್ತಿತ್ತು. "ಚಳಿ ಕಣ್ರೀ," ಎನ್ನುತ್ತಿದ್ದರು. ಫೆಬ್ರವರಿಯ ಬಿಸಿಲಿನಲ್ಲಿ, ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿಟ್ಟಾಗಲೂ ಚಳಿ ಎಂದೇ ಹೇಳುತ್ತಿದ್ದರು. ನಾನು ಕೇಳಲಿಲ್ಲ. ದಪ್ಪ ತಾಮ್ರದ ತಂತಿಯನ್ನು ಹೇಗೋ ಬಗ್ಗಿಸುತ್ತಿದ್ದರು. ಸಣ್ಣ ತಂತಿ ಅವರ ಮಾತು ಕೇಳುವುದನ್ನು ಬಿಟ್ಟಿತ್ತು.

ಈಗ ಕರಿಮಣಿಯ ವಿಷಯ. ಕನ್ನಡದ ಹೆಂಗಸರೆಲ್ಲ ಅವರನ್ನು ಹುಡುಕಿಕೊಂಡು ಬರುತ್ತಿದ್ದದ್ದು ಅದಕ್ಕೇ. ಈಗಿನ ಕರಿಮಣಿ ದಾರದಲ್ಲಿ ಪೋಣಿಸಿದ್ದಲ್ಲ. ಒಂದೊಂದು ಮಣಿಯೊಳಗೂ ಕೂದಲಿನಷ್ಟು ಸಣ್ಣ ಚಿನ್ನದ ತಂತಿ ಹೋಗಿ, ಎರಡೂ ಕಡೆ ಕೊಂಡಿಯಾಗಿ, ಕೊಂಡಿಗೆ ಕೊಂಡಿ ಸೇರಿ ಸರವಾಗಿರುತ್ತದೆ. ಮಗು ಹಿಡಿದು ಎಳೆದರೆ, ಕಾರಿನ ಸೀಟ್ ಬೆಲ್ಟಿಗೆ ಸಿಕ್ಕಿದರೆ ಕೊಂಡಿ ಬಾಯಿ ಬಿಡುತ್ತದೆ. ಹರಿಯಿತು ಅನ್ನಬಾರದು, ಹೆಚ್ಚಿತು ಅನ್ನಬೇಕು. ಹೆಚ್ಚಿದ ಕರಿಮಣಿಯನ್ನು ಇಲ್ಲಿನ ಅಂಗಡಿಗೆ ಕೊಟ್ಟರೆ ಎರಡು ವಾರ ಬಿಟ್ಟು ಬನ್ನಿ ಎನ್ನುತ್ತಾರೆ. ತಾಳಿ ಎರಡು ವಾರ ಅಂಗಡಿಯಲ್ಲಿ ಬಿದ್ದಿರುವುದೆಂದರೆ ಯಾರಿಗೆ ನಿದ್ದೆ ಬರುತ್ತದೆ? ಅಕ್ಕಾವರು ಕೂತ ಜಾಗದಲ್ಲೇ ಮಾಡಿಕೊಡುತ್ತಿದ್ದರು. ಬಂದವರ ಕೊರಳಿಗೆ ಮೊದಲು ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿ, ಆಮೇಲೆ ತಾಳಿ ಬಿಚ್ಚಿಸಿ, ಅಕ್ಕಿ ಹರಡಿದ ತಟ್ಟೆಯ ಮೇಲಿಟ್ಟುಕೊಂಡು ಕೆಲಸಕ್ಕೆ ಕೂರುತ್ತಿದ್ದರು. ಅದನ್ನು ಅವರು ಮನಸ್ಸಿಟ್ಟು ಮಾಡುತ್ತಿದ್ದರು, ಬೇರೆ ಯಾವ ಕೆಲಸದಲ್ಲೂ ಅವರು ಅಷ್ಟು ಸುಮ್ಮನೆ ಇದ್ದದ್ದನ್ನು ನಾನು ನೋಡಿಲ್ಲ. ಅಂಥ ದಿನ ನಾನು ಆಚೆ ಕುರ್ಚಿಗೆ ಹೋಗಿ ಕೂರುತ್ತಿದ್ದೆ. ಯಾರೂ ಹೇಳದೆಯೇ.

ಒಂದು ಬೆಳಗ್ಗೆ ಒಬ್ಬಳು ಹುಡುಗಿ ಒಳಗೆ ಅರಿಶಿನದ ದಾರದಲ್ಲಿ ಕಾಯುತ್ತಿದ್ದಳು. ಅಕ್ಕಾವರು ಗ್ಯಾರೇಜಿನಲ್ಲಿ ಒಂದು ಗಂಟೆಯಿಂದ ಒಂದೇ ಕೊಂಡಿಯ ಮೇಲೆ ಕೂತಿದ್ದರು. ಇಕ್ಕಳದ ಮೂತಿ ಮಣಿಯ ಸುತ್ತ ಹೆದರಿದ ಕೋಳಿಯಂತೆ ಕುಟ್ಟುತ್ತಿತ್ತು. ಕೊನೆಗೆ ತಟ್ಟೆಯನ್ನು ಎತ್ತಿ ತಂದು ನನ್ನ ಮುಂದಿಟ್ಟರು.

"ನೀವು ಮಾಡಿ."

"ನಾ ಮುಟ್ಟಬಾರದ್ರೀ ಅಕ್ಕಾರ."

"ಯಾಕೆ?"

"ಯಾಕಂತ ನಿಮಗ ಗೊತ್ತೈತಲ್ರೀ."

ಅವರು ಬಾಗಿಲು ಮುಚ್ಚಿ ಬಂದರು. ತಗ್ಗಿದ ದನಿಯಲ್ಲಿ ಹೇಳಿದರು: "ನೀವು ಯಾರು, ನಿಮ್ಮ ಯಜಮಾನ್ರು ಇದಾರೋ ಇಲ್ವೋ ಅಂತ ತಂತಿ ಕೇಳುತ್ತೇನ್ರೀ? ಅದಕ್ಕೆ ಗೊತ್ತಾಗೋದು ಕೈ ಒಂದೇ. ನಿಮ್ಮ ಕೈ ಒಳ್ಳೇದು. ನನ್ನ ಕೈ ಹೋಯ್ತು. ಮಾಡಿ."

ನಿಮ್ಮ ಅಜ್ಜ ಹೋದ ಮೇಲೆ ಹಾಗೆ ನನಗೆ ಯಾರೂ ಹೇಳಿರಲಿಲ್ಲ. ನನ್ನ ಸ್ವಂತ ತಂಗಿಯ ಮಗಳ ಮದುವೆಯಲ್ಲಿ ನಾನು ಅಡುಗೆಮನೆಯ ಹಿಂದೆ ನಿಂತು ಅಕ್ಕಿಕಾಳು ಹಾಕಿದವಳು. ಹಾಕಬೇಡ ಎಂದು ಯಾರೂ ಹೇಳಿರಲಿಲ್ಲ, ಮುಂದೆ ಬಾ ಎಂದೂ ಹೇಳಿರಲಿಲ್ಲ. ತಾಳಿಯನ್ನು ಎತ್ತಿಕೊಂಡೆ. ಅದು ಇನ್ನೂ ಆ ಹುಡುಗಿಯ ಮೈಯ ಬಿಸಿಯಲ್ಲಿತ್ತೋ, ನನಗೆ ಹಾಗೆ ಅನಿಸಿತೋ ಗೊತ್ತಿಲ್ಲ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಅಕ್ಕಾವರು ತಟ್ಟೆ ಒಳಗೆ ಒಯ್ದರು. "ಎಷ್ಟು ಚೆನ್ನಾಗಿ ಮಾಡಿದೀರಾ ಆಂಟಿ!" ಎಂದು ಹುಡುಗಿ ಹೇಳಿದ್ದು ಬಾಗಿಲಿನ ಆಚೆಯಿಂದ ನನಗೆ ಕೇಳಿಸಿತು.

ಅಂದಿನಿಂದ ಅದೇ ಪದ್ಧತಿಯಾಯಿತು. ಅವರು ಒಳಗೆ ದಾರ ಕಟ್ಟುವುದು, ಕಾಫಿ ಕೊಡುವುದು, ತಟ್ಟೆ ತಂದು ನನಗೆ ಕೊಟ್ಟು, "ಸ್ವಲ್ಪ ಮಾಡ್ಕೊಂಡು ಬರ್ತೀನಿ," ಎಂದು ನನ್ನ ಪಕ್ಕ ಸುಮ್ಮನೆ ಕೂರುವುದು. ಅವರ ಕೈ ನಡುಗುವುದು ಹೊರಗೆ ತಿಳಿಯಬಾರದು. ನಾನು ಮುಟ್ಟುವುದು ಹೊರಗೆ ತಿಳಿಯಬಾರದು. ಇಬ್ಬರ ಗುಟ್ಟೂ ಒಂದೇ ತಟ್ಟೆಯಲ್ಲಿತ್ತು. ಮೂರು ವರ್ಷ ಹೀಗೆ ನಡೆಯಿತು. ಆಕ್ಲೆಂಡಿನಲ್ಲಿ ಹಬ್ಬಕ್ಕೆ ಹೋದಾಗ ಎಷ್ಟೋ ಜನರ ಕೊರಳಿನಲ್ಲಿ ನನ್ನ ಕೊಂಡಿಗಳು ಓಡಾಡುವುದನ್ನು ನೋಡುತ್ತಿದ್ದೆ. ಅವರಲ್ಲಿ ಕೆಲವರು ಕುಂಕುಮದ ಬಟ್ಟಲು ಹಿಡಿದು ನನ್ನನ್ನು ದಾಟಿ ಪಕ್ಕದವರ ಬಳಿ ಹೋಗುತ್ತಿದ್ದರು. ನನಗೆ ಒಳಗೊಳಗೆ ನಗು ಬರುತ್ತಿತ್ತು. ಅಕ್ಕಾವರು ದೂರದಿಂದ ಹುಬ್ಬು ಹಾರಿಸುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು. ಅಕ್ಕಾವರು ಇದ್ದಾರೆ ಎಂಬ ಧೈರ್ಯದಲ್ಲಿ ನಾನು ಅದನ್ನೆಲ್ಲ ನುಂಗುತ್ತಿದ್ದೆ.

ಇದೆಲ್ಲ ಮುಗಿದ ದಿನ ಬಂದವಳು ಬೆಂಗಳೂರಿನ ಒಬ್ಬ ಸೊಸೆ. ಬಾಣಂತನಕ್ಕೆಂದು ಊರಿನಿಂದ ಬಂದಿದ್ದ ಅತ್ತೆಯೂ ಜೊತೆಗಿದ್ದರು. ಅಕ್ಕಾವರು ಎಂದಿನಂತೆ ತಟ್ಟೆ ತಂದಿಟ್ಟು, ಕಾಫಿ ಇಳಿಸಿ ಬರುತ್ತೇನೆಂದು ಒಳಗೆ ಹೋದರು. ನಾನು ತಾಳಿಯನ್ನು ಎಡಗೈಯ ಬೆರಳುಗಳ ನಡುವೆ ಹಿಡಿದು, ತಾಳಿಗೆ ಸೇರುವ ಕೊನೆಯ ಕೊಂಡಿಯನ್ನು ಮುಚ್ಚುತ್ತಿದ್ದೆ. ಬಾಗಿಲು ತೆರೆಯಿತು. ಅಕ್ಕಾವರು ಎಂದುಕೊಂಡು ತಲೆಯೆತ್ತಲಿಲ್ಲ.

"ಟಾಯ್ಲೆಟ್ ಇಲ್ಲಿ..." ಎಂಬ ಮಾತು ಅರ್ಧಕ್ಕೆ ನಿಂತಿತು.

ಆ ಅತ್ತೆ ಬಚ್ಚಲೆಂದು ತಿಳಿದು ಗ್ಯಾರೇಜಿನ ಬಾಗಿಲು ತೆರೆದಿದ್ದರು. ಅವರು ನನ್ನ ಹಣೆ ನೋಡಿದರು. ಕೊರಳು ನೋಡಿದರು. ಕೈಯಲ್ಲಿ ಬಳೆ ಇಲ್ಲದ್ದನ್ನು ನೋಡಿದರು. ಆಮೇಲೆ ಆ ಕೈ ಏನನ್ನು ಹಿಡಿದಿದೆ ಎಂದು ನೋಡಿದರು.

"ಇದು ನಮ್ಮ ಹುಡುಗೀದಲ್ವಾ?"

ಅಕ್ಕಾವರು ಓಡಿ ಬಂದರು. ಹಿಂದೆಯೇ ಸೊಸೆ. ಅತ್ತೆ ನನ್ನ ಕಡೆ ನೋಡದೆ ಅಕ್ಕಾವರನ್ನೇ ಕೇಳಿದರು: "ಇವರು ಯಾರು?"

ನಾನು ಅಕ್ಕಾವರ ಮುಖ ನೋಡಿದೆ. ಗೋದಾಮಿನ ಮೀಸೆಯವನಿಗೆ ಹೇಳಿದಂತೆ ಒಂದು ಮಾತು ಹೇಳಿಬಿಡುತ್ತಾರೆ ಎಂದೇ ಅಂದುಕೊಂಡಿದ್ದೆ. ಅವರ ಬಾಯಿಗೆ ಹೆದರದವರು ಯಾರಿದ್ದರು? ಒಂದು ಗದರಿಕೆ ಸಾಕಾಗಿತ್ತು.

"ಅಯ್ಯೋ, ಅವರಾ? ಮಣಿ ಆರಿಸಿಕೊಡೋಕೆ ಬರ್ತಾರೆ ಅಷ್ಟೇ. ಮನೇಲಿ ಬೇಜಾರು ಅಂತ, ಪಾಪ. ತಾಳಿ ಕೆಲಸ ಎಲ್ಲ ನಾನೇ ಮಾಡೋದು."

"ಕೈಯಲ್ಲೇ ಹಿಡ್ಕೊಂಡಿದಾರಲ್ಲ."

"ಅವರಿಗೆ ಅದೆಲ್ಲ ಗೊತ್ತಾಗಲ್ಲ ಕಣ್ರೀ, ಹಳ್ಳಿಯೋರು. ಎಲ್ಲಿ, ಕೊಡೀ ಇಲ್ಲಿ." ಕೊನೆಯ ಮಾತು ನನಗೆ. ನನ್ನ ಬೆರಳುಗಳ ನಡುವಿನಿಂದ ತಾಳಿಯನ್ನು ಕಿತ್ತುಕೊಂಡರು. ಕೊಂಡಿ ಇನ್ನೂ ಪೂರ್ತಿ ಮುಚ್ಚಿರಲಿಲ್ಲ.

"ಅತ್ತೆ, ಬಿಡಿ ಪ್ಲೀಸ್, ಏನಾಗಲ್ಲ," ಎಂದು ಆ ಹುಡುಗಿ ಕೆಂಪಾಗಿ ನಿಂತಿದ್ದಳು. ಅವಳೊಬ್ಬಳು ನನ್ನ ಕಡೆ ನೋಡಿದಳು.

ಅಕ್ಕಾವರು ಫ್ರಿಜ್ಜಿನಿಂದ ಹಾಲು ತಂದು ಲೋಟಕ್ಕೆ ಬಗ್ಗಿಸಿದರು. ನನ್ನ ಎದುರಿಗೇ, ನಾನು ಕೂತಿದ್ದ ಮೇಜಿನ ಮೇಲೇ, ಆ ತಾಳಿಯನ್ನು ಹಾಲಿನಲ್ಲಿ ಅದ್ದಿ, ಅರಿಶಿನ ಹಚ್ಚಿ ತೊಳೆದರು. ನನ್ನ ಕೈ ತಗುಲಿದ್ದು ಹೋಗಲಿ ಎಂದು. ಮೂರು ವರ್ಷ ನಾನು ಮುಟ್ಟಿದ್ದು ಯಾವ ಹಾಲಿನಲ್ಲಿ ಹೋಗುತ್ತಿತ್ತೋ. ಆಮೇಲೆ ಅದನ್ನು ಒರೆಸಿ, ಇಕ್ಕಳ ತೆಗೆದುಕೊಂಡು, ನಾನು ಬಿಟ್ಟ ಕೊಂಡಿಯನ್ನು ಮುಚ್ಚಲು ಕೂತರು. ಎಲ್ಲರೂ ನೋಡುತ್ತಿದ್ದರು. ಅವರಿಗೆ ಆಗಲಿಲ್ಲ. ಇಕ್ಕಳ ಜಾರಿತು. ಪಕ್ಕದ ಕೊಂಡಿಯೂ ಬಿಟ್ಟುಕೊಂಡಿತು. ಮೂರು ನಾಲ್ಕು ಮಣಿ ಸಿಮೆಂಟಿನ ನೆಲದ ಮೇಲೆ ಪುಟಿದು ಹೋದವು.

"ಚಳಿ," ಎಂದರು ಅಕ್ಕಾವರು.

ನಾನು ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಒಂದು ನಿಮಿಷದ ಕೆಲಸ. ಅವರು ಒಮ್ಮೆ ನನ್ನ ಕಡೆ ನೋಡಿದರು ಕೂಡ. ನಾನು ಕೈ ಚಾಚಲಿಲ್ಲ.

"ಇರ್‍ಲಿ ಬಿಡಿ," ಎಂದರು ಆ ಅತ್ತೆ. "ಊರಿಗೆ ಹೋದಾಗ ಸರಿಯಾಗಿ ಮಾಡಿಸ್ಕೋತೀವಿ." ನೆಲದ ಮೇಲಿನ ಮಣಿಗಳನ್ನು ಸೊಸೆಯ ಕೈಯಲ್ಲಿ ಆರಿಸಿ, ತಾಳಿಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿಕೊಂಡು ಹೊರಟರು. ಸೊಸೆಯ ಕೊರಳಲ್ಲಿ ಅರಿಶಿನದ ದಾರ ಹಾಗೇ ಇತ್ತು.

ಕಾರಿನ ಸದ್ದು ದೂರವಾದ ಮೇಲೆ ಅಕ್ಕಾವರು ನನ್ನ ಕಡೆ ತಿರುಗಿದರು. ಏನಾದರೂ ಹೇಳುತ್ತಾರೆಂದು ಕಾದೆ. ಹೇಳಿದರು.

"ನೀವಾದ್ರೂ ಬಾಗಿಲಿಗೆ ಚಿಲಕ ಹಾಕ್ಕೋಬಾರ್‍ದಿತ್ತೇನ್ರೀ?"

ನಾನು ಇಕ್ಕಳಗಳನ್ನು ಅವುಗಳ ಜಾಗದಲ್ಲಿಟ್ಟೆ. ಸ್ವೆಟರ್ ಹಾಕಿಕೊಂಡೆ. ಆ ಹಾಲಿನ ಲೋಟ ಮೇಜಿನ ಮೇಲೆ ಹಳದಿಯಾಗಿ ನಿಂತಿತ್ತು. ನಡೆದುಕೊಂಡು ಮನೆಗೆ ಬಂದೆ. ಅಂದು ನಿಮ್ಮನ್ನು ಶಾಲೆಯಿಂದ ಕರೆತರಲು ಅರ್ಧ ಗಂಟೆ ಮೊದಲೇ ಹೋಗಿ ಗೇಟಿನ ಬಳಿ ನಿಂತಿದ್ದೆ.

ಮತ್ತೆ ನಾನು ಆ ಮನೆಗೆ ಹೋಗಲಿಲ್ಲ. ಅವರು ಫೋನ್ ಮಾಡಿದರು, ನಾನು ತೆಗೆದುಕೊಳ್ಳಲಿಲ್ಲ. ಒಂದೆರಡು ಸಲ ಕಾರಿನ ಹಾರ್ನ್ ಕೇಳಿಸಿತು, ಪರದೆಯ ಹಿಂದೆ ನಿಂತುಕೊಂಡೆ. ನಿಮ್ಮ ಅಮ್ಮ ಕೇಳಿದಳು: "ಯವ್ವಾ, ಯಾಕ ಹೋಗವಲ್ಲಿ ಅಲ್ಲಿಗೆ?"

"ಕಣ್ಣು ಮಂಜಾಗ್ಯಾವ ಬೇ. ಸಣ್ಣ ಕೆಲಸ ಕಾಣೂದಿಲ್ಲ," ಎಂದೆ. ಅವಳು ಪಾಪ, ಮರುದಿನವೇ ಕೆಲಸಕ್ಕೆ ರಜೆ ಹಾಕಿ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ ಹೊಸ ಕನ್ನಡಕ ಮಾಡಿಸಿದಳು. ನನಗೆ ಬೇಕಾಗಿರಲಿಲ್ಲ.

ಆ ಅತ್ತೆ ಎಲ್ಲೆಲ್ಲಿ ಏನು ಹೇಳಿದರೋ ಗೊತ್ತಿಲ್ಲ. ಅಕ್ಕಾವರ ಮನೆಗೆ ಕರಿಮಣಿ ತರುವವರು ನಿಂತುಹೋದರು ಎಂದು ನಿಮ್ಮ ಅಮ್ಮನ ಸ್ನೇಹಿತೆಯರ ಮಾತಿನಿಂದ ತಿಳಿಯಿತು. ಸಂತೆಯಲ್ಲೂ ಅವರ ಮೇಜು ಕಾಣಲಿಲ್ಲ. ನನಗೆ ಸಂತೋಷವಾಯಿತು. ಇದನ್ನು ಮುಚ್ಚಿಟ್ಟು ಬರೆದರೆ ಬರೆದು ಪ್ರಯೋಜನವಿಲ್ಲ.

ಒಂದೂವರೆ ವರ್ಷದ ನಂತರ ಅವರು ಬಂದರು. ಬೆಳಗಿನ ಹೊತ್ತು, ನಿಮ್ಮಪ್ಪ ಅಮ್ಮ ಕೆಲಸಕ್ಕೆ ಹೋಗಿದ್ದರು, ನೀವು ಶಾಲೆಗೆ. ಹಾರ್ನ್ ಇಲ್ಲ, ಕಾರನ್ನೂ ತಂದಿರಲಿಲ್ಲ. ನಡೆದು ಬಂದಿದ್ದರು. ಬಾಗಿಲು ತೆರೆದಾಗ ನನಗೆ ಮೊದಲು ಗುರುತೇ ಸಿಗಲಿಲ್ಲ, ಅಷ್ಟು ಇಳಿದುಹೋಗಿದ್ದರು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದರು. ಎರಡೂ ಸೇರಿ ಅಲುಗುತ್ತಿದ್ದವು.

"ಒಳಗೆ ಬರ್‍ಲಾ?"

"ಬರ್‍ರಿ."

ಸೋಫಾದ ತುದಿಯಲ್ಲಿ ಕೂತರು. ದೂರದ ಅಪ್ಪರ್ ಹಟ್ ಎಂಬ ಊರಿನಲ್ಲಿರುವ ಮಗನ ಮನೆಗೆ ಹೋಗಿಬಿಡುತ್ತಿದ್ದೇವೆ, ಈ ಮನೆ ಮಾರಿದೆವು ಎಂದರು. ಚಳಿ ಎಂಬ ಮಾತು ಎತ್ತಲಿಲ್ಲ, ಡಾಕ್ಟರು ಹೇಳಿದ ಕಾಯಿಲೆಯ ಹೆಸರನ್ನೇ ಹೇಳಿದರು. ಆಮೇಲೆ ಚೀಲದಿಂದ ಒಂದು ಕರವಸ್ತ್ರ ತೆಗೆದು ಟೀಪಾಯಿಯ ಮೇಲೆ ಬಿಚ್ಚಿದರು. ಅವರದೇ ಕರಿಮಣಿ. ನಡುವಿಗೆ ಹೆಚ್ಚಿತ್ತು. ಆಗ ನೋಡಿದೆ, ಅವರ ಕೊರಳಲ್ಲಿ ಅರಿಶಿನದ ದಾರವಿತ್ತು.

"ನೀವು ಮಾಡಿಕೊಡಿ," ಎಂದರು.

ಅವರು ಕ್ಷಮಿಸಿ ಅನ್ನಲಿಲ್ಲ. ಅವರಿಗೆ ಆ ಮಾತು ಬರುತ್ತಿರಲಿಲ್ಲ, ಯಜಮಾನರಿಗೂ ಎಂದೂ ಅಂದದ್ದು ಕೇಳಿಲ್ಲ. ಆದರೆ ಗಂಡ ಗಟ್ಟಿಯಾಗಿರುವ ಹೆಂಗಸು ತನ್ನ ಸ್ವಂತ ತಾಳಿಯನ್ನು ನನ್ನ ಮುಂದಿಟ್ಟು ಕೂತಿದ್ದಾಳೆಂದರೆ ಏನರ್ಥ ಎಂದು ನನಗೆ ತಿಳಿಯದೆ ಇರಲಿಲ್ಲ. ಚೆನ್ನಾಗಿಯೇ ತಿಳಿಯಿತು. ತಿಳಿದೇ ಹೇಳಿದೆ.

"ನಾ ಬರೇ ಮಣಿ ಆರಸಾಕಿ ಅಲ್ರೀ ಅಕ್ಕಾರ. ತಾಳಿ ಕೆಲಸ ಎಲ್ಲಾ ನೀವಽ ಅಲ್ರೀ ಮಾಡೋರು?"

ಅವರು ನನ್ನನ್ನೇ ನೋಡುತ್ತಿದ್ದರು. ನಾನು ಅಲ್ಲಿಗೆ ನಿಲ್ಲಿಸಬಹುದಾಗಿತ್ತು.

"ನಾ ಏನರ ಮುಟ್ಟಿದ್ರ ಮತ್ತ ತೊಳೀಬೇಕಾಗ್ತೈತಿ. ಫ್ರಿಜ್ಜಿನ್ಯಾಗ ಹಾಲು ಐತಿ, ತರ್‍ಲೇನ್ರೀ?"

ಅವರು "ಸರಿ," ಎಂದರು, ಅಷ್ಟೇ. ಕರವಸ್ತ್ರ ಮಡಚಿದರು. ಚೀಲದ ಜಿಪ್ಪು ಹಾಕಲು ಹೋದರು. ಒಂದು ಸಲ ತಪ್ಪಿತು, ಎರಡನೆಯ ಸಲವೂ ತಪ್ಪಿತು. ನಾನು ನಿಂತು ನೋಡುತ್ತಿದ್ದೆ. ಕೊನೆಗೆ ಹಾಗೇ ತೆರೆದ ಚೀಲವನ್ನು ಎದೆಗೆ ಅವುಚಿಕೊಂಡು ಹೊರಟರು. ಕಾಫಿ ಕುಡಿಯಿರಿ ಎಂದೂ ನಾನು ಹೇಳಲಿಲ್ಲ. ನಮ್ಮ ಕಡೆ ಮನೆಗೆ ಬಂದ ಶತ್ರುವಿಗೂ ನೀರು ಕೊಡದೆ ಕಳಿಸುವುದಿಲ್ಲ.

ಅದೇ ಕೊನೆ. ಅವರು ಈ ಊರು ಬಿಟ್ಟು ಎರಡು ವರ್ಷವಾದ ಮೇಲೆ, ಮೊನ್ನೆ, ಈ ಫೋನ್ ಬಂತು. ಮಾತಾಡಿದವರು ಅವರ ಯಜಮಾನರು. ನಿಮ್ಮ ಅಮ್ಮ ಸ್ಪೀಕರ್ ಹಾಕಿರಲಿಲ್ಲ, ಆಮೇಲೆ ಹೇಳಿದಳು. ಕೊನೆಯವರೆಗೂ ಅರಿಶಿನದ ದಾರದಲ್ಲೇ ಇದ್ದರಂತೆ. ಕರಿಮಣಿ ಸರಿಮಾಡಿಸೋಣ, ಊರಿಗೆ ಕಳಿಸೋಣ ಎಂದು ಮಗ ಸೊಸೆ ಎಷ್ಟು ಹೇಳಿದರೂ ಒಪ್ಪಲಿಲ್ಲವಂತೆ. "ಈ ದೇಶದಲ್ಲಿ ಆ ಕೆಲಸ ಮಾಡೋರು ಒಬ್ಬರೇ ಇರೋದು, ಅವರಿಗೆ ಪುರುಸೊತ್ತಿಲ್ಲ," ಎನ್ನುತ್ತಿದ್ದರಂತೆ.

"ಯಾರ ಬಗ್ಗೆ ಅಂದಿದ್ರಂತ ಅದು, ಯವ್ವಾ?" ಎಂದು ನಿಮ್ಮ ಅಮ್ಮ ಕೇಳಿದಳು. ನನಗೆ ಗೊತ್ತಿಲ್ಲ ಎಂದೆ.

ಅವರು ಒಳ್ಳೆಯವರಾಗಿದ್ದರು ಎಂದು ಬರೆದು ಮುಗಿಸಿದರೆ ನಿಮಗೆ ಚಂದ ಕಾಣುತ್ತಿತ್ತು. ನನಗೆ ಬರೆಯಲು ಆಗುವುದಿಲ್ಲ. ಇಷ್ಟು ಬರೆದ ಮೇಲೂ ಆ ಹಾಲಿನ ಮೇಲಿನ ಸಿಟ್ಟು ಇಳಿದಿಲ್ಲ. ಅವರು ನನ್ನನ್ನು ಹಳ್ಳಿಯವಳು, ಏನೂ ತಿಳಿಯದವಳು ಎಂದು ಬೇರೆಯವರ ಮುಂದೆ ಬಿಟ್ಟುಕೊಟ್ಟರು. ಹಾಗೆ ಬಿಟ್ಟುಕೊಟ್ಟದ್ದು ಸುಳ್ಳಲ್ಲ. ಆದರೆ ಅವರು ಹಾಗೆ ಮಾಡುವಾಗ ಎದುರಿಗೆ ಒಬ್ಬರು ನಿಂತಿದ್ದರು, ಊರಿಗೆಲ್ಲ ಸಾರಿ ಬರುವವರು. ಹೆದರಿ ಮಾಡಿದರು. ನನ್ನ ಮನೆಯಲ್ಲಿ ಆ ಬೆಳಗ್ಗೆ ನಮ್ಮಿಬ್ಬರ ಹೊರತು ಯಾರೂ ಇರಲಿಲ್ಲ. ನಾನು ಹೆದರಬೇಕಾದವರು ಯಾರೂ ಇರಲಿಲ್ಲ.